ದಿಕ್ಕು ಬದಲಿಸಿ ಆರೋಗ್ಯ ಕ್ಷೇತ್ರಕ್ಕೆ: ವರ್ತಕರು ಮೊದಲು ನೋಡಬೇಕಾದ ಅರ್ಹತೆ ಮತ್ತು ಲೆಕ್ಕ

2020ರ ಮಾರ್ಚ್ ಕೊನೆಯ ವಾರದಲ್ಲಿ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಪೇಟೆಬೀದಿಗಳಲ್ಲಿ ಬಟ್ಟೆ, ಪಾತ್ರೆ, ಹಾರ್ಡ್‌ವೇರ್ ಅಂಗಡಿಗಳ ಬಾಗಿಲು ಮುಚ್ಚಿದವು. ಔಷಧದ ಅಂಗಡಿ, ರಕ್ತಪರೀಕ್ಷಾ ಕೇಂದ್ರ ಮತ್ತು ಆಸ್ಪತ್ರೆಗಳು ತೆರೆದಿದ್ದವು. ಎದುರು ಸಾಲಿನ ಮೆಡಿಕಲ್ ಸ್ಟೋರಿನ ಮುಂದೆ ನಿಂತ ಸಾಲನ್ನು ತಮ್ಮ ಮುಚ್ಚಿದ ಬಾಗಿಲಿನ ಮುಂದೆ ನಿಂತು ನೋಡಿದ ವರ್ತಕರ ಮನಸ್ಸಿನಲ್ಲಿ ಆಗ ಮೂಡಿದ ವಿಚಾರ ಇಂದಿಗೂ ಮಾಸಿಲ್ಲ. ವ್ಯಾಪಾರ ಕುಗ್ಗಿದಾಗ, ಬಾಡಿಗೆ ಏರಿದಾಗ, ಮಕ್ಕಳು ಅಂಗಡಿಗೆ ಬರಲು ಒಪ್ಪದಿದ್ದಾಗ ಅದೇ ವಿಚಾರ ಮರಳಿ ಬರುತ್ತದೆ: ಈ ವ್ಯಾಪಾರ ಬಿಟ್ಟು ಆರೋಗ್ಯ ಕ್ಷೇತ್ರಕ್ಕೆ ಹೋದರೆ ಹೇಗೆ?

ವಿಚಾರದಲ್ಲಿ ತಪ್ಪೇನೂ ಇಲ್ಲ. ಆದರೆ ಇತರ ವ್ಯಾಪಾರಗಳಿಗೂ ಈ ಕ್ಷೇತ್ರಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಪಾತ್ರೆ ಅಂಗಡಿಯನ್ನು ಬಂಡವಾಳವಿದ್ದವನು ತೆರೆಯಬಹುದು; ಇಲ್ಲಿ ಬಂಡವಾಳಕ್ಕಿಂತ ಮೊದಲು ಕಾನೂನು ಕೇಳುವುದು ವಿದ್ಯಾರ್ಹತೆಯನ್ನು. ಯಾವ ಕೆಲಸಕ್ಕೆ ಯಾವ ಅರ್ಹತೆ ಎಂಬುದನ್ನು ತಿಳಿಯದೆ ಮುಂಗಡ ಕೊಟ್ಟವರು, ಶುಲ್ಕ ಕಟ್ಟಿದವರು, ನಲವತ್ತರ ವಯಸ್ಸಿನಲ್ಲಿ ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ಮರಳಿ ಸಂಪಾದಿಸಲಾಗದ ಎರಡು ಮೂರು ವರ್ಷಗಳನ್ನೂ.

ಚಿಲ್ಲರೆ ಔಷಧ ಅಂಗಡಿ

ವರ್ತಕರ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಬಿ.ಕಾಂ. ಪದವೀಧರನೊಬ್ಬ ಔಷಧ ಅಂಗಡಿಯ ಮಾಲೀಕನಾಗಲು ಅಡ್ಡಿಯಿಲ್ಲ. ಆದರೆ ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸುವ ಅಧಿಕಾರವನ್ನು 1948ರ ಫಾರ್ಮಸಿ ಕಾಯಿದೆಯ 42ನೇ ಕಲಮು ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ ನೀಡಿದೆ. ಔಷಧ ನಿಯಮಗಳ 65ನೇ ನಿಯಮವೂ ಆತನ ಖುದ್ದು ಮೇಲ್ವಿಚಾರಣೆಯನ್ನು ಕಡ್ಡಾಯಗೊಳಿಸಿದೆ. ಮಾಲೀಕನೇ ಫಾರ್ಮಸಿಸ್ಟ್ ಆಗುವೆನೆಂದರೆ ಡಿ.ಫಾರ್ಮ್. ಓದಬೇಕು. ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಅಥವಾ ಗಣಿತದೊಂದಿಗೆ ಪಿಯುಸಿ ಆಗಿರಬೇಕು. ವಾಣಿಜ್ಯ ವಿಭಾಗದಲ್ಲಿ ಓದಿದವರು ವಿಜ್ಞಾನ ಪಿಯುಸಿಗೆ 2 ವರ್ಷ, ಡಿಪ್ಲೊಮಾಗೆ 2 ವರ್ಷ, ಆ ಬಳಿಕ 500 ಗಂಟೆಗಳ ಪ್ರಾಯೋಗಿಕ ತರಬೇತಿಗೆ ಕನಿಷ್ಠ 3 ತಿಂಗಳು ತೆಗೆದಿಡಬೇಕು. ಡಿಪ್ಲೊಮಾ ಮುಗಿಸಿದವರಿಗೆ ನೋಂದಣಿಗೆ ಮುನ್ನ ನಿರ್ಗಮನ ಪರೀಕ್ಷೆಯನ್ನು ವಿಧಿಸುವ ನಿಯಮಾವಳಿಯೂ 2022ರಲ್ಲಿ ಬಂದಿದೆ. ನಲವತ್ತೆರಡರಲ್ಲಿ ಹೊರಟವರು ನಲವತ್ತಾರು ದಾಟಿದ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಲೆಕ್ಕ ಇದು.

ಈ ಕಷ್ಟವನ್ನು ಕಂಡೇ ಪೇಟೆಯಲ್ಲಿ ಒಂದು ಅಡ್ಡದಾರಿ ಹುಟ್ಟಿಕೊಂಡಿದೆ: ಫಾರ್ಮಸಿಸ್ಟ್ ಒಬ್ಬರ ಪ್ರಮಾಣಪತ್ರವನ್ನು ತಿಂಗಳಿಗಿಷ್ಟು ಎಂದು ಬಾಡಿಗೆಗೆ ಪಡೆದು ಗೋಡೆಗೆ ತೂಗುಹಾಕುವುದು. ಪ್ರಮಾಣಪತ್ರ ಅಂಗಡಿಯಲ್ಲಿರುತ್ತದೆ, ಅದರ ಒಡೆಯರು ಬೇರೊಂದು ಊರಿನಲ್ಲಿ ಬೇರೊಂದು ಕೆಲಸದಲ್ಲಿರುತ್ತಾರೆ. ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬ ಮಾತನ್ನು ನಂಬಿ ಇದಕ್ಕೆ ಇಳಿಯುವ ವರ್ತಕರು ಒಂದನ್ನು ಮರೆಯುತ್ತಾರೆ. ತಪಾಸಣೆಯ ದಿನ ಫಾರ್ಮಸಿಸ್ಟ್ ಇಲ್ಲದಿದ್ದರೆ 66ನೇ ನಿಯಮದಂತೆ ಅಮಾನತು ಅಥವಾ ರದ್ದಾಗುವುದು ಮಾಲೀಕನ ಪರವಾನಗಿ. ಅನರ್ಹರು ಔಷಧ ವಿತರಿಸುವುದು ಶಿಕ್ಷಾರ್ಹ ಅಪರಾಧವೂ ಹೌದು. ಪರವಾನಗಿ ಹೋದ ದಿನ ಅಂಗಡಿಯಲ್ಲಿರುವ ಲಕ್ಷಾಂತರ ರೂಪಾಯಿಯ ದಾಸ್ತಾನನ್ನು ಚಿಲ್ಲರೆಯಾಗಿ ಮಾರುವ ಹಕ್ಕೂ ಹೋಗುತ್ತದೆ. ಅವಧಿ ಮುಗಿಯುವ ದಿನಾಂಕ ಮಾತ್ರ ಯಾರಿಗೂ ಕಾಯುವುದಿಲ್ಲ. ಇನ್ನು ತಪ್ಪು ಮಾತ್ರೆ ಕೊಟ್ಟು ರೋಗಿಗೆ ಅಪಾಯವಾದರೆ ಅದು ಲೆಕ್ಕಪುಸ್ತಕದಲ್ಲಿ ಬರೆಯುವ ನಷ್ಟವೇ ಅಲ್ಲ.

ಆದ್ದರಿಂದ ಚಿಲ್ಲರೆ ಅಂಗಡಿಯೇ ಬೇಕೆನ್ನುವವರು ಪೂರ್ಣಾವಧಿ ಫಾರ್ಮಸಿಸ್ಟ್‌ರ ಸಂಬಳವನ್ನು ಮೊದಲ ತಿಂಗಳಿನಿಂದಲೇ ವೆಚ್ಚದಲ್ಲಿ ಹಿಡಿದು, ಆ ಮೇಲೆ ಲಾಭ ಉಳಿಯುವುದೇ ಎಂದು ನೋಡತಕ್ಕದ್ದು. 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ಅನುಸೂಚಿತ ಔಷಧಗಳ ಗರಿಷ್ಠ ಬೆಲೆಯನ್ನು ನಿಗದಿಪಡಿಸುವಾಗ ಚಿಲ್ಲರೆ ಮಾರಾಟಗಾರರಿಗೆ ಲೆಕ್ಕ ಹಿಡಿಯುವ ಅಂತರ ಶೇ. 16. ಜನೌಷಧಿ ಕೇಂದ್ರದಲ್ಲಿ ಅದು ಶೇ. 20. ಜನೌಷಧಿಗೂ ಫಾರ್ಮಸಿಸ್ಟ್ ಬೇಕೇ ಬೇಕು ಎಂಬುದನ್ನು ಜಾಹೀರಾತು ನೋಡಿ ಉತ್ಸಾಹಗೊಂಡವರು ಗಮನಿಸಬೇಕು.

ಸಗಟು ವ್ಯಾಪಾರದ ತೆರೆದ ಬಾಗಿಲು

ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಸಗಟು ಔಷಧ ಮಾರಾಟದ ಪರವಾನಗಿಗೆ ಫಾರ್ಮಸಿಸ್ಟ್ ಆಗಿರಲೇಬೇಕೆಂಬ ನಿಯಮವಿಲ್ಲ. 1945ರ ಔಷಧ ನಿಯಮಗಳ 64ನೇ ನಿಯಮದಂತೆ, ಸಗಟು ಮಳಿಗೆಯ ಹೊಣೆ ಹೊರುವ ವ್ಯಕ್ತಿ ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು, ಇಲ್ಲವೇ ಔಷಧ ವ್ಯವಹಾರದಲ್ಲಿ 1 ವರ್ಷದ ಅನುಭವವುಳ್ಳ ಪದವೀಧರನಾಗಿರಬೇಕು, ಅದೂ ಇಲ್ಲದಿದ್ದರೆ ಔಷಧ ಮಾರಾಟದಲ್ಲಿ 4 ವರ್ಷದ ಅನುಭವವುಳ್ಳ ಮೆಟ್ರಿಕ್ ತೇರ್ಗಡೆಯಾದವನಾಗಿರಬೇಕು. ಪದವಿ ಯಾವ ವಿಷಯದ್ದೆಂಬ ಕಟ್ಟು ಅಲ್ಲಿಲ್ಲ. ಮಳಿಗೆ ಕನಿಷ್ಠ 10 ಚದರ ಮೀಟರ್ ಇರಬೇಕು. ನಮೂನೆ 20-ಬಿ ಮತ್ತು 21-ಬಿ ಪರವಾನಗಿಗಳು 2017ರ ತಿದ್ದುಪಡಿಯ ನಂತರ 5 ವರ್ಷಕ್ಕೊಮ್ಮೆ ಉಳಿಕೆ ಶುಲ್ಕ ಕಟ್ಟಿದರೆ ಮುಂದುವರಿಯುತ್ತವೆ. ಅರ್ಜಿಗೆ ಮುನ್ನ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಯಲ್ಲಿ ಅನುಭವ ಪತ್ರದ ನಮೂನೆಯನ್ನು ವಿಚಾರಿಸಿಕೊಳ್ಳುವುದು ಕ್ಷೇಮ.

ಹೀಗಿರುವಾಗ ಆ 1 ವರ್ಷದ ಅನುಭವವನ್ನು ಕಾಗದದ ಮೇಲೆ ಕೊಂಡುಕೊಳ್ಳದೆ ನಿಜವಾಗಿ ಪಡೆಯುವುದೇ ವರ್ತಕನಿಗೆ ಲಾಭ. ಸಗಟು ಮಳಿಗೆಯೊಂದರಲ್ಲಿ ಸಂಬಳಕ್ಕೆ ನಿಂತವನಿಗೆ ಒಂದೇ ವರ್ಷದಲ್ಲಿ ತಿಳಿಯುವುದು ಬಹಳ: ಯಾವ ಕಂಪನಿ ಅವಧಿ ಮೀರಿದ ಸರಕನ್ನು ಹಿಂಪಡೆಯುತ್ತದೆ, ಯಾವುದು ಸತಾಯಿಸುತ್ತದೆ, ಇನ್ಸುಲಿನ್ ಮತ್ತು ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದಿಡಲು ವಿದ್ಯುತ್ ಹೋದಾಗ ಏನು ಮಾಡಬೇಕು, ಯಾವ ಅಂಗಡಿಯವರು ಮೂವತ್ತು ದಿನದ ಸಾಲವನ್ನು ತೊಂಬತ್ತು ದಿನ ಎಳೆಯುತ್ತಾರೆ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ತಾಲ್ಲೂಕು ಕೇಂದ್ರದಲ್ಲಿ ತಿಂಗಳಿಗೆ 10 ಲಕ್ಷ ರೂ. ಮಾರಾಟ, ಒಟ್ಟು ಲಾಭ ಶೇ. 8 ಎಂದಿಟ್ಟುಕೊಂಡರೆ ಕೈಗೆ 80,000 ರೂ. ಸರಕಿನ ಖರೀದಿ ಬೆಲೆ 9.2 ಲಕ್ಷ ರೂ. ಸರಕು 30 ದಿನ ಮಳಿಗೆಯಲ್ಲಿರುತ್ತದೆ, ಗ್ರಾಹಕ ಅಂಗಡಿಗಳು 30 ದಿನಕ್ಕೆ ಹಣ ಕೊಡುತ್ತವೆ, ಕಂಪನಿಗೆ 15 ದಿನದಲ್ಲಿ ಪಾವತಿಸಬೇಕು. ಅಂದರೆ 45 ದಿನಗಳ ಖರೀದಿಯ ಮೊತ್ತವಾದ 13.8 ಲಕ್ಷ ರೂ. ಸದಾ ವ್ಯವಹಾರದಲ್ಲಿ ಸಿಲುಕಿರುತ್ತದೆ. ವರ್ಷಕ್ಕೆ ಶೇ. 12ರಂತೆ ಅದರ ಬಡ್ಡಿ ತಿಂಗಳಿಗೆ 13,800 ರೂ. ಬಾಡಿಗೆ 12,000, ಇಬ್ಬರು ಸಿಬ್ಬಂದಿಗೆ 36,000, ವಾಹನಕ್ಕೆ 6,000 ಕಳೆದರೆ ಉಳಿಯುವುದು 12,200 ರೂ. ಮಾಲೀಕನ ದುಡಿಮೆಗೆ ಸಿಗುವ ಪ್ರತಿಫಲ ಇಷ್ಟೇ. ಒಂದು ಪೆಟ್ಟಿಗೆ ಸರಕು ಹಿಂದಿರುಗಿಸಲಾಗದೆ ಉಳಿದರೆ ಅದೂ ಇಲ್ಲ. ಮಾರಾಟ 20 ಲಕ್ಷಕ್ಕೆ ಏರಿದರೆ ಒಟ್ಟು ಲಾಭ 1.6 ಲಕ್ಷ, ಬಡ್ಡಿ 27,600. ಇತರ ವೆಚ್ಚ 75,000ಕ್ಕೆ ಏರಿದರೂ 57,400 ರೂ. ಉಳಿಯುತ್ತದೆ. ಈ ವ್ಯಾಪಾರ ಪ್ರಮಾಣದ ಮೇಲೆ ನಿಂತಿದೆ. ಸಣ್ಣದಾಗಿ ಆರಂಭಿಸಿ ಸಣ್ಣದಾಗಿಯೇ ಉಳಿಯುವುದಾದರೆ ಬೇರೆಯವರ ಮಳಿಗೆಯಲ್ಲಿ ಸಂಬಳ ಪಡೆಯುವುದೇ ಮೇಲು. ಈ ಮಾತು ಅಪ್ರಿಯವಾದರೂ ಅಂಕಿಗಳು ಹೇಳುವುದು ಅದನ್ನೇ.

ಅವಧಿ ಮೀರಿದ ಔಷಧಗಳನ್ನು ಹಿಂದಿರುಗಿಸುವಾಗ ಜಿಎಸ್‌ಟಿಯಲ್ಲಿ ಅನುಸರಿಸಬೇಕಾದ ಕ್ರಮವನ್ನು 2018ರ ಅಕ್ಟೋಬರ್‌ನ 72ನೇ ಸುತ್ತೋಲೆ ವಿವರಿಸಿದೆ. ಹೊಸಬರು ವ್ಯಾಪಾರ ಆರಂಭಿಸುವ ಮುನ್ನವೇ ಅದನ್ನು ತಮ್ಮ ಲೆಕ್ಕಿಗರೊಂದಿಗೆ ಕುಳಿತು ಓದಿಕೊಂಡರೆ ಮುಂದಿನ ತೊಂದರೆ ತಪ್ಪುತ್ತದೆ.

ವೈದ್ಯಕೀಯ ಉಪಕರಣಗಳ ಮಾರಾಟಕ್ಕೆ ಬಾಗಿಲು ಇನ್ನೂ ಅಗಲವಾಗಿದೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ತಿದ್ದುಪಡಿಯು ಇದಕ್ಕಾಗಿ ಎಂಡಿ-42 ಎಂಬ ಪ್ರತ್ಯೇಕ ನೋಂದಣಿ ಪತ್ರವನ್ನು ಜಾರಿಗೆ ತಂದಿತು. ಇಲ್ಲಿ ಹೊಣೆಗಾರ ವ್ಯಕ್ತಿಗೆ ಯಾವುದಾದರೂ ಪದವಿ ಇದ್ದರೆ ಸಾಕು. ಪಿಯುಸಿ ಮಾತ್ರ ಆಗಿದ್ದರೆ 1 ವರ್ಷದ ಅನುಭವ ಬೇಕು. ಸರ್ಜಿಕಲ್ ಸಾಮಗ್ರಿ, ರಕ್ತದೊತ್ತಡ ಮಾಪಕ, ಗಾಲಿಕುರ್ಚಿ, ಆಮ್ಲಜನಕ ಸಾಂದ್ರಕಗಳಂಥ ವಸ್ತುಗಳ ವ್ಯವಹಾರ ಎಲೆಕ್ಟ್ರಿಕಲ್ ಅಥವಾ ಹಾರ್ಡ್‌ವೇರ್ ವ್ಯಾಪಾರ ಮಾಡಿದವರ ಅನುಭವಕ್ಕೆ ಹತ್ತಿರವಾದುದು. ದುರಸ್ತಿ ಮತ್ತು ಬಿಡಿಭಾಗಗಳ ಮಹತ್ವ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಸಣ್ಣ ತಯಾರಕರಿಗೆ ಎರಡು ಮಾತು. 2017ರ ವೈದ್ಯಕೀಯ ಉಪಕರಣ ನಿಯಮಗಳು ಅಪಾಯದ ಪ್ರಮಾಣಕ್ಕನುಗುಣವಾಗಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿವೆ. ಎ ಮತ್ತು ಬಿ ವರ್ಗಕ್ಕೆ 2022ರ ಅಕ್ಟೋಬರ್ 1ರಿಂದ, ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರ್ 1ರಿಂದ ತಯಾರಿಕಾ ಪರವಾನಗಿ ಕಡ್ಡಾಯವಾಗಿದೆ. ಎ ವರ್ಗದಲ್ಲಿ ನಂಜುರಹಿತಗೊಳಿಸುವ ಅಗತ್ಯವಾಗಲೀ ಅಳತೆಯ ಕಾರ್ಯವಾಗಲೀ ಇಲ್ಲದ ಸಾಧನಗಳಿಗೆ ಮಾತ್ರ ಸ್ವಯಂ ನೋಂದಣಿ ಸಾಕು. ಲೇತ್ ಮತ್ತು ವೆಲ್ಡಿಂಗ್ ಕೆಲಸ ಬಲ್ಲ ಕಾರ್ಖಾನೆಯು ಸರಳ ಆಸ್ಪತ್ರೆ ಸಾಧನಗಳಿಂದ ಆರಂಭಿಸಬಹುದು. ಮೂಳೆಗೆ ಜೋಡಿಸುವ ಫಲಕ, ತಿರುಪುಗಳು ಸಿ ವರ್ಗಕ್ಕೆ ಸೇರುತ್ತವೆ; ಅಳತೆಯ ನಿಖರತೆಯಲ್ಲಿ ಅವು ಬಿಡಿಭಾಗ ತಯಾರಕರಿಗೆ ಪರಿಚಿತವಾಗಿ ಕಂಡರೂ ಗುಣಮಟ್ಟ ವ್ಯವಸ್ಥೆಯ ದಾಖಲೆ ಮತ್ತು ಪರೀಕ್ಷೆಗಳ ವೆಚ್ಚ ಬೇರೆಯೇ ಪ್ರಮಾಣದ್ದು.

ಆಸ್ಪತ್ರೆಯ ಒಳಗಿನ ಕೆಲಸ

ಸ್ವಂತ ಬಂಡವಾಳ ತೊಡಗಿಸಲು ಒಲ್ಲದವರಿಗೆ ಉದ್ಯೋಗವೇ ಮಾರ್ಗ. ಆಸ್ಪತ್ರೆ ಎಂದೊಡನೆ ಬಿಳಿಯ ಅಂಗಿಯೇ ಕಣ್ಣಿಗೆ ಬರುವುದು ಸಹಜ. ಆದರೆ ನೂರು ಹಾಸಿಗೆಯ ಆಸ್ಪತ್ರೆಯ ಹಿಂಬದಿಯಲ್ಲಿ ಖರೀದಿ ವಿಭಾಗ, ಉಗ್ರಾಣ, ಬಿಲ್ಲಿಂಗ್, ವಿಮಾ ವಿಭಾಗ, ದಾಖಲೆ ಕೊಠಡಿಗಳಿರುತ್ತವೆ. ಇಲ್ಲಿನ ಅನೇಕ ಕೆಲಸಗಳು ವರ್ತಕನಿಗೆ ಅರಿವಿಲ್ಲದೆಯೇ ಕರಗತವಾಗಿರುವಂಥವು. ಮೊದಲು ಬಂದ ಸರಕನ್ನು ಮೊದಲು ಕೊಡುವುದು ಅಂಗಡಿಯ ಪದ್ಧತಿ. ಮೊದಲು ಅವಧಿ ಮುಗಿಯುವುದನ್ನು ಮೊದಲು ಕೊಡುವುದು ಆಸ್ಪತ್ರೆ ಉಗ್ರಾಣದ ಪದ್ಧತಿ. ಕಲಿಯಬೇಕಾದ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ.

ಇವುಗಳಲ್ಲಿ ವಿಮಾ ವಿಭಾಗದತ್ತ ವಿಶೇಷ ಗಮನ ಹರಿಸಬಹುದು. ಕರ್ನಾಟಕದಲ್ಲಿ ಯಶಸ್ವಿನಿ ಯೋಜನೆ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಚಾಲನೆ ಪಡೆಯಿತು. ಆಯುಷ್ಮಾನ್ ಭಾರತ್ ಅಡಿಯ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ 2018ರ ಸೆಪ್ಟೆಂಬರ್ 23ರಂದು ಜಾರಿಗೆ ಬಂದು, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಯನ್ನು ಒಳಗೊಂಡಿದೆ. ಇವುಗಳ ಜೊತೆಗೆ ಖಾಸಗಿ ವಿಮೆ ಮತ್ತು ಅದರ ಮಧ್ಯವರ್ತಿಗಳಾದ ಟಿಪಿಎ ಸಂಸ್ಥೆಗಳು. ಪ್ರತಿಯೊಂದು ಚಿಕಿತ್ಸೆಗೂ ಪೂರ್ವಾನುಮತಿ, ಚಿಕಿತ್ಸಾ ಪ್ಯಾಕೇಜಿನ ಸಂಕೇತ, ಬಿಡುಗಡೆ ಸಾರಾಂಶ, ಅಳವಡಿಸಿದ ಸಾಧನದ ಲೇಬಲ್ ಎಂದು ಕಾಗದಗಳ ಸರಣಿಯೇ ಇರುತ್ತದೆ. ಒಂದು ಕಾಗದ ತಪ್ಪಿದರೆ ಆಸ್ಪತ್ರೆಗೆ ಬರಬೇಕಾದ ಹಣ ತಿಂಗಳುಗಟ್ಟಲೆ ನಿಲ್ಲುತ್ತದೆ. ಬಾಕಿ ವಸೂಲಿಯಲ್ಲಿ ಪಳಗಿದ ವರ್ತಕ, ಸಿಟ್ಟಾಗದೆ ಎಂಟನೆಯ ಬಾರಿಯೂ ದೂರವಾಣಿ ಮಾಡಬಲ್ಲ ವರ್ತಕ, ಇಲ್ಲಿ ಬೆಲೆಯುಳ್ಳ ಮನುಷ್ಯ. ಆದರೆ ಇಪ್ಪತ್ತು ವರ್ಷ ಮಾಲೀಕನಾಗಿದ್ದವನು ಇಪ್ಪತ್ತೆಂಟರ ವ್ಯವಸ್ಥಾಪಕರ ಕೈಕೆಳಗೆ ಕಡಿಮೆ ಸಂಬಳಕ್ಕೆ ಸೇರಬೇಕಾಗುತ್ತದೆ, ಭಾನುವಾರವೂ ಬರಬೇಕಾಗುತ್ತದೆ. ಇದನ್ನು ಮನೆಯವರೊಡನೆ ಕೂತು ಮೊದಲೇ ಮಾತನಾಡಿಕೊಳ್ಳುವುದು ಒಳಿತು. ಕೆಲಸ ಬಿಟ್ಟು ಬಂದವರಲ್ಲಿ ಅನೇಕರಿಗೆ ಸಹಿಸಲಾಗದ್ದು ಸಂಬಳದ ಕೊರತೆಯಲ್ಲ, ‘ಸಾಹುಕಾರರೇ’ ಎಂದು ಕರೆಸಿಕೊಂಡ ಕಿವಿಗೆ ಬಿದ್ದ ಹೊಸ ಮಾತು.

ಮೇಲಿನ ಹುದ್ದೆಗಳಿಗೆ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ ನೆರವಾಗುತ್ತದೆ. ಇದಕ್ಕೆ ಯಾವುದೇ ಪದವೀಧರರನ್ನು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳಿವೆ. ಇಪ್ಪತ್ತೈದರ ಮಗ ಅಥವಾ ಮಗಳಿಗೆ ಇದು ಒಳ್ಳೆಯ ಹಾದಿ. ನಲವತ್ತೈದರ ತಂದೆಗೆ ಶುಲ್ಕ ಮತ್ತು ಎರಡು ವರ್ಷದ ಆದಾಯ ನಷ್ಟ ಎರಡನ್ನೂ ಕೂಡಿಸಿ ನೋಡಿದರೆ ಬಹುಮಟ್ಟಿಗೆ ಹೊಂದುವುದಿಲ್ಲ.

ರೋಗಿಯ ಬಳಿಯೇ ಕೆಲಸ ಮಾಡುವ ಮನಸ್ಸುಳ್ಳವರಿಗೂ ವಾಣಿಜ್ಯ ವಿದ್ಯಾಭ್ಯಾಸ ಪೂರ್ಣ ತಡೆಯಲ್ಲ. ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಯಾವುದೇ ವಿಭಾಗದ ಪಿಯುಸಿಯಲ್ಲಿ, ಇಂಗ್ಲಿಷ್ ವಿಷಯದೊಂದಿಗೆ, ಶೇ. 40 ಅಂಕ ಪಡೆದವರು ಅರ್ಜಿ ಹಾಕಬಹುದು. ಬಿ.ಎಸ್ಸಿ. ನರ್ಸಿಂಗ್‌ಗೆ ವಿಜ್ಞಾನವೇ ಬೇಕು. ವಯೋಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಬಿ.ಕಾಂ. ಓದಿ ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳಿಗೆ, ಅಷ್ಟೇ ಏಕೆ, ಗಂಡುಮಕ್ಕಳಿಗೂ ಈ ವೃತ್ತಿಯ ಬಗ್ಗೆ ವರ್ತಕ ಕುಟುಂಬಗಳಲ್ಲಿರುವ ಹಿಂಜರಿಕೆ ಇನ್ನಾದರೂ ಕಡಿಮೆಯಾಗಬೇಕು.

ಶುಲ್ಕ ಕಟ್ಟುವ ಮುನ್ನ

1990ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಲಿಪ್ಯಂತರದ ತರಬೇತಿ ಕೇಂದ್ರಗಳು ಬೀದಿಗೊಂದರಂತೆ ತೆರೆದಿದ್ದವು. ಅಮೆರಿಕದ ವೈದ್ಯರ ಧ್ವನಿಯನ್ನು ಕೇಳಿ ಬೆರಳಚ್ಚು ಮಾಡುವ ಕೆಲಸವದು. ಧ್ವನಿಯನ್ನು ತಾನೇ ಗುರುತಿಸುವ ತಂತ್ರಾಂಶ ಬಂದಂತೆ ಬೇಡಿಕೆ ಕುಗ್ಗಿತು. ಶುಲ್ಕ ಕಟ್ಟಿದವರ ಕೈಯಲ್ಲಿ ಪ್ರಮಾಣಪತ್ರ ಉಳಿಯಿತು. ಇಂದು ಅದೇ ಬಗೆಯ ಜಾಹೀರಾತು ವೈದ್ಯಕೀಯ ಕೋಡಿಂಗ್ ಹೆಸರಿನಲ್ಲಿ ಬರುತ್ತಿದೆ. ರೋಗ ಮತ್ತು ಚಿಕಿತ್ಸೆಗಳಿಗೆ ನಿಗದಿತ ಸಂಕೇತ ನೀಡುವ ಈ ಕೆಲಸ ನಿಜವಾದದ್ದೇ. ಆದರೆ ಕಂಪನಿಗಳು ಸಾಮಾನ್ಯವಾಗಿ ಜೀವವಿಜ್ಞಾನ ಓದಿದವರನ್ನು ಬಯಸುತ್ತವೆ, ತಂತ್ರಾಂಶದ ಪೈಪೋಟಿಯೂ ಇದೆ.

ಇಲ್ಲಿ 2021ರ ರಾಷ್ಟ್ರೀಯ ಸಹಯೋಗಿ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯಿದೆಯನ್ನು ಗಮನಿಸಬೇಕು. ಪ್ರಯೋಗಾಲಯ, ವಿಕಿರಣ, ಶಸ್ತ್ರಚಿಕಿತ್ಸಾ ಕೊಠಡಿ ತಂತ್ರಜ್ಞರಲ್ಲದೆ ಆರೋಗ್ಯ ದಾಖಲೆ ನಿರ್ವಾಹಕರು ಮತ್ತು ಕೋಡಿಂಗ್ ಮಾಡುವವರನ್ನೂ ಅದರ ಅನುಸೂಚಿ ಒಳಗೊಂಡಿದೆ. ಸಹಯೋಗಿ ವೃತ್ತಿಗೆ 2ರಿಂದ 4 ವರ್ಷಗಳಲ್ಲಿ ಹರಡಿದ, ಕನಿಷ್ಠ 2,000 ಗಂಟೆಗಳ ಶಿಕ್ಷಣವನ್ನು ಕಾಯಿದೆ ಹೇಳುತ್ತದೆ. ಮೂರು ತಿಂಗಳ ಪ್ರಮಾಣಪತ್ರ ಈ ಅಳತೆಗೆ ನಿಲ್ಲುವುದಿಲ್ಲ. ‘ಶೇ. 100 ಉದ್ಯೋಗ ಖಾತರಿ’ ಎಂಬ ಫಲಕ ಕಂಡಾಗ, ಆ ಖಾತರಿಯನ್ನು ಲಿಖಿತವಾಗಿ, ಶುಲ್ಕ ಮರುಪಾವತಿಯ ಷರತ್ತಿನೊಂದಿಗೆ ಕೊಡುವಿರಾ ಎಂದು ಕೇಳಿದರೆ ಸಾಕು, ಬಹಳಷ್ಟು ವಿಷಯ ತಿಳಿಯುತ್ತದೆ. ಸಂಸ್ಥೆಯ ಹೆಸರು ಸಂಬಂಧಪಟ್ಟ ಪರಿಷತ್ತಿನ ಅನುಮೋದಿತ ಪಟ್ಟಿಯಲ್ಲಿದೆಯೇ ಎಂಬುದನ್ನು ಕರಪತ್ರದಲ್ಲಲ್ಲ, ಪರಿಷತ್ತಿನ ಪಟ್ಟಿಯಲ್ಲಿಯೇ ನೋಡತಕ್ಕದ್ದು. ಅದಕ್ಕೂ ಮುನ್ನ ಪರಿಚಯದ ಆಸ್ಪತ್ರೆಯ ಉಗ್ರಾಣದಲ್ಲೋ ವಿಮಾ ವಿಭಾಗದಲ್ಲೋ ಒಂದು ತಿಂಗಳು ಸಂಬಳವಿಲ್ಲದೆಯಾದರೂ ಕುಳಿತು ನೋಡುವುದು ಯಾವ ಸಮಾಲೋಚಕರ ಸಲಹೆಗಿಂತಲೂ ಅಗ್ಗ.

ಹಳೆಯ ಅಂಗಡಿಯನ್ನು ಮುಚ್ಚುವಾಗ

ಹೊಸದರ ಸಂಭ್ರಮದಲ್ಲಿ ಹಳೆಯದನ್ನು ಮುಚ್ಚುವ ಖರ್ಚು ಮರೆತುಹೋಗುತ್ತದೆ. ಜಿಎಸ್‌ಟಿ ನೋಂದಣಿ ರದ್ದುಪಡಿಸುವಾಗ ಉಳಿದ ದಾಸ್ತಾನಿನ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆ ಅಥವಾ ಅದರ ಮಾರಾಟಕ್ಕೆ ತೆರಬೇಕಾದ ತೆರಿಗೆ, ಇವೆರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. 3 ತಿಂಗಳೊಳಗೆ ಜಿಎಸ್‌ಟಿಆರ್-10 ಅಂತಿಮ ವಿವರಣೆ ಸಲ್ಲಿಸಬೇಕು. ಆದ್ದರಿಂದ ದಾಸ್ತಾನು ಕರಗಿಸಿದ ಮೇಲೆ ನೋಂದಣಿ ರದ್ದುಪಡಿಸುವುದು ಜಾಣತನ. ಮಾಲೀಕನ ಹೊಸ ವ್ಯಾಸಂಗದ ಶುಲ್ಕವನ್ನು ಹಳೆಯ ಅಂಗಡಿಯ ಖರ್ಚಿಗೆ ಬರೆಯಲು ಬರುವುದಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಸಿಗುವ ಕಡಿತವು ಹಳೆಯ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ.

ಪ್ರಯೋಗಾಲಯ ಅಥವಾ ಸಣ್ಣ ಆಸ್ಪತ್ರೆಯಲ್ಲಿ ಹಣ ತೊಡಗಿಸುವವರು ಇನ್ನೊಂದನ್ನು ನೆನಪಿಡಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಕಡ್ಡಾಯ. ಚಿಕಿತ್ಸಾ ಸಂಸ್ಥೆಗಳ ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವ ಕಾರಣ, ಯಂತ್ರೋಪಕರಣಗಳ ಮೇಲೆ ತೆತ್ತ ತೆರಿಗೆಗೆ ಜಮೆ ದೊರೆಯದೆ ಅದು ವೆಚ್ಚವಾಗಿಯೇ ಉಳಿಯುತ್ತದೆ.

ಸೊಸೆಯೋ ಮಗಳೋ ಫಾರ್ಮಸಿಸ್ಟ್ ಆಗಿರುವ ಮನೆಗಳಲ್ಲಿ ಚಿಲ್ಲರೆ ಅಂಗಡಿಯ ಪ್ರಶ್ನೆ ಸುಲಭವಾಗಿಯೇ ಬಗೆಹರಿಯುತ್ತದೆ. ಆಕೆಯನ್ನು ಬರೀ ಪ್ರಮಾಣಪತ್ರಕ್ಕಾಗಿ ಸೇರಿಸಿಕೊಳ್ಳದೆ, ಲಾಭದ ಪಾಲು ನಮೂದಿಸಿದ ಪಾಲುದಾರಿಕೆ ಪತ್ರವನ್ನು ಆರಂಭದಲ್ಲಿಯೇ ಬರೆಸಿ, ಆ ಹೆಸರಿನಲ್ಲಿಯೇ ಪರವಾನಗಿ ಪಡೆಯುವುದು ಸೂಕ್ತ. ಪರವಾನಗಿ ಪಡೆದ ಮೇಲೆ ಸಂಸ್ಥೆಯ ರಚನೆ ಬದಲಾದರೆ ಹಳೆಯ ಪರವಾನಗಿ ನಡೆಯುವುದು ಹೆಚ್ಚೆಂದರೆ 3 ತಿಂಗಳು. ಅಷ್ಟರೊಳಗೆ ಹೊಸ ರಚನೆಯ ಹೆಸರಿನಲ್ಲಿ ಹೊಸ ಪರವಾನಗಿ ಪಡೆದಿರಬೇಕು.